ಒತ್ತಿದ ಲಿಂಕ್ ಎಲ್ಲಿ ತೆರೆಯಬೇಕು? ಫೋನಿಗೆ ಹೇಳಿಕೊಡುವ ಬಗೆ

ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಹೆಸರಿಗೆ ಝೆರಾಕ್ಸ್, ಕೆಲಸ ನೂರೆಂಟು. ಪಹಣಿ ತೆಗೆದುಕೊಡುವುದು, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ನೇಮಕಾತಿಯ ಫಾರ್ಮ್ ತುಂಬುವುದು, ಹಾಲ್ ಟಿಕೆಟ್ ಪ್ರಿಂಟ್ ಕೊಡುವುದು. ಕೊನೆಯ ದಿನಾಂಕ ಹತ್ತಿರ ಬಂದಾಗ ಆಳಂದ, ಜೇವರ್ಗಿ, ಚಿತ್ತಾಪುರದ ಬಸ್ಸಿನಿಂದ ಇಳಿದ ಹುಡುಗರು ನೇರವಾಗಿ ಅಂಗಡಿಗೇ ಬರುತ್ತಾರೆ. ಅವರಲ್ಲಿ ಎಷ್ಟೋ ಜನ ಸ್ವಂತ ಫೋನಿನಲ್ಲಿ ಮನೆಯಲ್ಲೇ ಮುಗಿಸಬಹುದಾಗಿದ್ದ ಕೆಲಸಕ್ಕೆ ಬಸ್ ಚಾರ್ಜು ಕೊಟ್ಟು ಬಂದಿರುತ್ತಾರೆ. ಇದು ನನ್ನ ವ್ಯಾಪಾರಕ್ಕೆ ಒಳ್ಳೆಯದೇ. ಆದರೂ ಬರೆಯುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ಅಫಜಲಪುರದ ಕಡೆಯ ಒಬ್ಬ ಹುಡುಗ ಬಂದ. ಉದ್ಯೋಗ ಮಾಹಿತಿಯ ಯಾವುದೋ ಗುಂಪಿನಲ್ಲಿ ಬಂದ ಲಿಂಕ್ ಒತ್ತಿ ಅರ್ಜಿ ತುಂಬಲು ಕುಳಿತಿದ್ದನಂತೆ. ಹೆಸರು, ತಂದೆಯ ಹೆಸರು, ಅಂಕಪಟ್ಟಿಯ ವಿವರ, 371ಜೆ ಪ್ರಮಾಣಪತ್ರದ ಸಂಖ್ಯೆ, ಎಲ್ಲವನ್ನೂ ತುಂಬಿದ ಮೇಲೆ ಒಟಿಪಿ ಕೇಳಿತು. ಎಸ್‌ಎಂಎಸ್ ನೋಡಲು ಹೊರಗೆ ಹೋದ. ಆರು ಅಂಕಿ ನೆನಪಿಟ್ಟುಕೊಂಡು ಮರಳಿ ಆ ಆ್ಯಪ್‌ನ ಗುರುತು ಒತ್ತಿದರೆ ಗುಂಪಿನ ಹರಟೆ ಕಂಡಿತೇ ಹೊರತು ಫಾರ್ಮ್ ಕಾಣಲಿಲ್ಲ. ಹೀಗೆ ನಾಲ್ಕು ಸಲ. ಕೊನೆಗೆ ಬಸ್ ಹತ್ತಿದ.

"ವೆಬ್‌ಸೈಟ್ ಕೆಟ್ಟಿದೆ ಅಣ್ಣಾ, ತುಂಬಿದ್ದೆಲ್ಲ ಅಳಿಸಿ ಹೋಗುತ್ತದೆ" ಎಂದ.

ವೆಬ್‌ಸೈಟ್ ಕೆಟ್ಟಿರಲಿಲ್ಲ. ಅವನ ಫೋನಿನಲ್ಲೇ ಅದೇ ಪುಟವನ್ನು ಕ್ರೋಮ್‌ನಲ್ಲಿ ತೆರೆಸಿದೆ. ಒಟಿಪಿ ನೋಡಿ ಬಂದರೂ ಫಾರ್ಮ್ ಇದ್ದಲ್ಲೇ ಇತ್ತು.

ಫೋನಿನಲ್ಲಿ ಲಿಂಕ್ ಒತ್ತಿದಾಗ ಅದು ತೆರೆದುಕೊಳ್ಳಬಹುದಾದ ಜಾಗಗಳು ಮೂರು. ಒಂದು, ಬ್ರೌಸರ್. ಕ್ರೋಮ್, ಫೈರ್‌ಫಾಕ್ಸ್, ಸ್ಯಾಮ್‌ಸಂಗ್ ಇಂಟರ್ನೆಟ್, ಯಾವುದಾದರೂ ಸರಿ. ಎರಡು, ಆ ವೆಬ್‌ಸೈಟಿನವರದೇ ಆ್ಯಪ್. ಯೂಟ್ಯೂಬ್ ಲಿಂಕ್ ಒತ್ತಿದರೆ ಯೂಟ್ಯೂಬ್ ಆ್ಯಪ್ ಏಳುತ್ತದಲ್ಲ, ಹಾಗೆ. ಮೂರನೆಯದು ಜನರ ಕಣ್ಣಿಗೆ ಬೀಳದ ಜಾಗ. ಲಿಂಕ್ ಯಾವ ಆ್ಯಪ್‌ನಲ್ಲಿ ಬಂದಿತೋ ಆ ಆ್ಯಪ್ ತನ್ನ ಹೊಟ್ಟೆಯೊಳಗೇ ಒಂದು ಚಿಕ್ಕ ಬ್ರೌಸರ್ ತೆರೆದು ಪುಟ ತೋರಿಸುತ್ತದೆ. ಅಂಗಡಿಯಲ್ಲಿ ನಾನು ಇದನ್ನು ಒಳಕಿಟಕಿ ಎನ್ನುತ್ತೇನೆ. ಹುಡುಗನ ಫಾರ್ಮ್ ಕಳೆದುಹೋಗುತ್ತಿದ್ದದ್ದು ಅಲ್ಲಿಯೇ.

ಮುಂದೆ ಹೇಳುವ ಮೆನುಗಳ ಹೆಸರನ್ನು ಇಂಗ್ಲಿಷಿನಲ್ಲಿ ಇರುವಂತೆಯೇ ಕನ್ನಡ ಅಕ್ಷರದಲ್ಲಿ ಕೊಡುತ್ತೇನೆ. ಫೋನಿನ ಭಾಷೆಯನ್ನು ಕನ್ನಡಕ್ಕೆ ಇಟ್ಟುಕೊಂಡವರು ಸಿಟ್ಟಾಗಬಾರದು. ಒಂದೊಂದು ಕಂಪನಿಯ ಅನುವಾದ ಒಂದೊಂದು ಥರ ಇರುವುದರಿಂದ ಬೇರೆ ದಾರಿ ಕಾಣಲಿಲ್ಲ. ಮೆನು ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕು ಪಟ್ಟಿಯಲ್ಲಿ 'ಡೀಫಾಲ್ಟ್' ಎಂದು ಇಂಗ್ಲಿಷಿನಲ್ಲಿ ಬರೆದರೆ ಸಾಕು, ಬೇಕಾದದ್ದು ಹೆಚ್ಚಾಗಿ ಅಲ್ಲೇ ಬರುತ್ತದೆ.

ಮೊದಲು ಒಳಕಿಟಕಿಯನ್ನು ಗುರುತಿಸಿ

ಪುಟದ ಎಡ ಮೇಲ್ತುದಿಯನ್ನು ನೋಡಿ. ಅಲ್ಲಿ ಗುಣಾಕಾರದ ಗುರುತು ಅಥವಾ ಹಿಂದಕ್ಕೆ ಹೋಗುವ ಬಾಣ ಇದ್ದು, ವಿಳಾಸದ ಪಟ್ಟಿಯಲ್ಲಿ ಹೊಸದಾಗಿ ಏನನ್ನೂ ಬರೆಯಲು ಬರದಿದ್ದರೆ ಅದು ಒಳಕಿಟಕಿ. ನಿಜವಾದ ಬ್ರೌಸರ್‌ನಲ್ಲಿ ಎಷ್ಟು ಪುಟ ತೆರೆದಿವೆ ಎಂದು ತೋರಿಸುವ ಅಂಕಿಯ ಚೌಕವೊಂದು ಇರುತ್ತದೆ, ಒಳಕಿಟಕಿಯಲ್ಲಿ ಅದು ಇರುವುದಿಲ್ಲ. (ಕ್ರೋಮ್‌ನಲ್ಲಿ 99ಕ್ಕಿಂತ ಹೆಚ್ಚು ಟ್ಯಾಬ್ ತೆರೆದಿಟ್ಟರೆ ಆ ಚೌಕದಲ್ಲಿ ಅಂಕಿಯ ಬದಲು ನಗುಮುಖದ ಗುರುತು ಬರುತ್ತದೆ. ನನ್ನ ಅಂಗಡಿಗೆ ಬರುವ ಫೋನುಗಳಲ್ಲಿ ಈ ನಗುಮುಖಕ್ಕೆ ಬರವಿಲ್ಲ.)

ಒಳಕಿಟಕಿಯಲ್ಲೂ ಎರಡು ಜಾತಿ ಇವೆ. ಒಂದು ನಿಮ್ಮ ಬ್ರೌಸರ್‌ನದೇ ತುಂಡು. ಗೂಗಲ್ 2015ರಲ್ಲಿ ತಂದ ಇದಕ್ಕೆ ಕಸ್ಟಮ್ ಟ್ಯಾಬ್ ಎನ್ನುತ್ತಾರೆ. ಇದರಲ್ಲಿ ನೀವು ಬ್ರೌಸರ್‌ನಲ್ಲಿ ಮಾಡಿದ ಲಾಗಿನ್, ಉಳಿಸಿಟ್ಟ ಪಾಸ್‌ವರ್ಡ್ ಎಲ್ಲವೂ ಕೆಲಸ ಮಾಡುತ್ತವೆ. ಇನ್ನೊಂದು ವೆಬ್‌ವ್ಯೂ. ಇದಕ್ಕೂ ನಿಮ್ಮ ಬ್ರೌಸರ್‌ಗೂ ಯಾವ ನೆಂಟಸ್ತಿಕೆಯೂ ಇಲ್ಲ. ಬ್ರೌಸರ್‌ನಲ್ಲಿ ಲಾಗಿನ್ ಆಗಿದ್ದರೂ ಇಲ್ಲಿ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಕೆಲವು ಆ್ಯಪ್‌ಗಳಲ್ಲಿ ಫೋಟೊ, ಸಹಿ ಸೇರಿಸುವ ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ, ಪಿಡಿಎಫ್ ಇಳಿಯುವುದಿಲ್ಲ. ಗೂಗಲ್ ಖಾತೆಯ ಲಾಗಿನ್ ಅಂತೂ ವೆಬ್‌ವ್ಯೂ ಒಳಗೆ ನಡೆಯುವುದೇ ಇಲ್ಲ. ಸುರಕ್ಷತೆಯ ಕಾರಣಕ್ಕೆ ಗೂಗಲ್ಲೇ ಅದನ್ನು ತಡೆದಿದೆ. ಕಾರಣವೂ ಸಣ್ಣದಲ್ಲ. ಕಿಟಕಿ ಯಾರದೋ, ಅದರೊಳಗೆ ಏನು ನಡೆಯುತ್ತದೆ ಎಂದು ನೋಡುವ ಶಕ್ತಿಯೂ ಅವರದೇ. 2022ರಲ್ಲಿ ಫೆಲಿಕ್ಸ್ ಕ್ರೌಸ್ ಎಂಬ ತಂತ್ರಜ್ಞ, ಐಫೋನಿನ ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಆ್ಯಪ್‌ಗಳು ಒಳಕಿಟಕಿಯಲ್ಲಿ ತೆರೆಯುವ ಬೇರೆಯವರ ಪುಟಗಳಿಗೂ ತಮ್ಮ ಕೋಡ್ ಸೇರಿಸುತ್ತವೆ ಎಂದು ತೋರಿಸಿದ್ದರು. ಹಾಗಾಗಿ ಸುದ್ದಿ ಓದಲು ಒಳಕಿಟಕಿ ಸಾಕು. ಫಾರ್ಮ್, ಪಾಸ್‌ವರ್ಡ್, ಹಣ ಈ ಮೂರಕ್ಕೆ ಅದು ಬೇಡವೇ ಬೇಡ.

ಹೊರಬರುವ ದಾರಿ ಸುಲಭವಿದೆ. ಒಳಕಿಟಕಿಯ ಬಲ ಮೇಲ್ತುದಿಯ ಮೂರು ಚುಕ್ಕೆ ಒತ್ತಿದರೆ 'ಓಪನ್ ಇನ್ ಕ್ರೋಮ್' ಅಥವಾ 'ಓಪನ್ ಇನ್ ಬ್ರೌಸರ್' ಎಂಬ ಸಾಲು ಕಾಣುತ್ತದೆ. ಅದನ್ನು ಒತ್ತಿ. ಒಂದೇ ಎಚ್ಚರಿಕೆ: ಫಾರ್ಮ್ ತುಂಬಲು ಆರಂಭಿಸುವ ಮೊದಲೇ ಒತ್ತಿ. ಅರ್ಧ ತುಂಬಿದ ಮೇಲೆ ಒತ್ತಿದರೆ ಅನೇಕ ಸಲ ಪುಟ ಹೊಸದಾಗಿ ತೆರೆದು ತುಂಬಿದ್ದೆಲ್ಲ ಹೋಗುತ್ತದೆ. ಸಾಲು ಕಾಣದಿದ್ದರೆ ಲಿಂಕನ್ನು ನಕಲು ಮಾಡಿ ಬ್ರೌಸರ್‌ನ ವಿಳಾಸ ಪಟ್ಟಿಯಲ್ಲಿ ಅಂಟಿಸಿ.

ಪ್ರತಿ ಸಲ ಈ ಗೋಳು ಬೇಡ ಎನ್ನುವವರು ಆಯಾ ಆ್ಯಪ್‌ನಲ್ಲೇ ಒಳಕಿಟಕಿಯನ್ನು ಮುಚ್ಚಬಹುದು. ಜಿಮೇಲ್‌ನಲ್ಲಿ ಎಡಗಡೆಯ ಮೂರು ಗೆರೆ ಒತ್ತಿ, ಕೆಳಗೆ ಸೆಟ್ಟಿಂಗ್ಸ್, ಅದರಲ್ಲಿ 'ಜನರಲ್ ಸೆಟ್ಟಿಂಗ್ಸ್', ಅಲ್ಲಿ 'ಓಪನ್ ವೆಬ್ ಲಿಂಕ್ಸ್ ಇನ್ ಜಿಮೇಲ್' ಎಂಬುದರ ಗುರುತು ತೆಗೆಯಿರಿ. ಟೆಲಿಗ್ರಾಂನಲ್ಲಿ ಸೆಟ್ಟಿಂಗ್ಸ್, ನಂತರ 'ಚಾಟ್ ಸೆಟ್ಟಿಂಗ್ಸ್', ಅಲ್ಲಿ 'ಇನ್-ಆ್ಯಪ್ ಬ್ರೌಸರ್' ಇದೆ. ಉದ್ಯೋಗ ಮಾಹಿತಿಯ ಗುಂಪುಗಳಲ್ಲಿ ಇರುವವರು ಇವತ್ತೇ ಅದನ್ನು ಆಫ್ ಮಾಡಿಬಿಡಿ. ಗೂಗಲ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲೂ 'ಓಪನ್ ವೆಬ್ ಪೇಜಸ್ ಇನ್ ದಿ ಆ್ಯಪ್' ಎಂಬ ಸಾಲು ಸಿಗುತ್ತದೆ. ಫೇಸ್‌ಬುಕ್ ಈ ಗುಂಡಿಯನ್ನು ಒಂದು ಕಡೆ ನಿಲ್ಲಿಸುವುದಿಲ್ಲ. ಸೆಟ್ಟಿಂಗ್ಸ್ ಒಳಗೆ 'ಮೀಡಿಯಾ' ಅಥವಾ 'ಬ್ರೌಸರ್' ಎಂಬ ಭಾಗದಲ್ಲಿ ಹುಡುಕಿ. ಇನ್‌ಸ್ಟಾಗ್ರಾಂನಲ್ಲಿ ಮೂರು ಚುಕ್ಕೆಯ ದಾರಿಯನ್ನೇ ಬಳಸಿ. ವಾಟ್ಸ್‌ಆ್ಯಪ್‌ನಲ್ಲಿ ಈ ಕಾಟ ಕಡಿಮೆ. ಆಂಡ್ರಾಯ್ಡ್‌ನಲ್ಲಿ ಅದು ಸಾಮಾನ್ಯವಾಗಿ ಲಿಂಕನ್ನು ನೇರವಾಗಿ ಬ್ರೌಸರ್‌ಗೆ ಕಳಿಸುತ್ತದೆ.

ಯಾವ ಬ್ರೌಸರ್ ಎಂದು ನಿರ್ಧರಿಸಿ

ಫೋನ್ ಕೊಂಡಾಗ ಅದರಲ್ಲಿ ಎರಡು ಬ್ರೌಸರ್ ಇರುವುದು ಮಾಮೂಲು. ಒಂದು ಕ್ರೋಮ್, ಇನ್ನೊಂದು ಫೋನ್ ಕಂಪನಿಯದು. ಅಪ್ಪ ಒಂದರಲ್ಲಿ ಪಾಸ್‌ವರ್ಡ್ ಉಳಿಸಿರುತ್ತಾರೆ, ಲಿಂಕ್ ಇನ್ನೊಂದರಲ್ಲಿ ತೆರೆಯುತ್ತದೆ, ಮನೆಯಲ್ಲಿ ಜಗಳ ಶುರುವಾಗುತ್ತದೆ. ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳುವುದು ಮೇಲು. ಸೆಟ್ಟಿಂಗ್ಸ್ ತೆರೆದು 'ಆ್ಯಪ್ಸ್', ಅದರಲ್ಲಿ 'ಡೀಫಾಲ್ಟ್ ಆ್ಯಪ್ಸ್', ಅಲ್ಲಿ 'ಬ್ರೌಸರ್ ಆ್ಯಪ್' ಒತ್ತಿ ಬೇಕಾದದ್ದನ್ನು ಆರಿಸಿ. ಸ್ಯಾಮ್‌ಸಂಗ್‌ನಲ್ಲಿ ನಡುವಿನ ಮೆನುವಿನ ಹೆಸರು 'ಚೂಸ್ ಡೀಫಾಲ್ಟ್ ಆ್ಯಪ್ಸ್'. ಶಿಯೋಮಿ ಫೋನುಗಳಲ್ಲಿ 'ಮ್ಯಾನೇಜ್ ಆ್ಯಪ್ಸ್' ಒಳಗೆ ಹೋಗಿ ಮೂರು ಚುಕ್ಕೆ ಒತ್ತಿದರೆ ಸಿಗುತ್ತದೆ.

ಆ್ಯಪ್ ಎದ್ದು ಕೂರುವುದನ್ನು ತಡೆಯುವುದು, ಬೇಕಾದಾಗ ಎಬ್ಬಿಸುವುದು

ವೆಬ್‌ಸೈಟಿನವರು ತಮ್ಮ ಸೈಟಿನಲ್ಲಿ ಒಂದು ಸಣ್ಣ ಕಡತ ಇಟ್ಟು, 'ಈ ಆ್ಯಪ್ ನಮ್ಮದೇ' ಎಂದು ಹೇಳಿರುತ್ತಾರೆ. ಆ್ಯಪ್ ಹಾಕಿಕೊಂಡಾಗ ಆಂಡ್ರಾಯ್ಡ್ ಆ ಕಡತವನ್ನು ಓದಿ ಖಾತ್ರಿ ಮಾಡಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಆ ಸೈಟಿನ ಲಿಂಕ್ ಒತ್ತಿದರೆ ನಿಮ್ಮನ್ನು ಕೇಳದೆಯೇ ಆ್ಯಪ್ ತೆರೆಯುತ್ತದೆ. 2015ರ ಆಂಡ್ರಾಯ್ಡ್ 6ರಿಂದ ಈ ವ್ಯವಸ್ಥೆ ಇದೆ. 2021ರ ಆಂಡ್ರಾಯ್ಡ್ 12ರಲ್ಲಿ ಅದು ಬಿಗಿಯಾಯಿತು: ಖಾತ್ರಿಯಾಗದ ಲಿಂಕುಗಳೆಲ್ಲ ನೇರವಾಗಿ ಬ್ರೌಸರ್‌ಗೆ ಹೋಗತೊಡಗಿದವು. ಹಳೆಯ ಫೋನುಗಳಲ್ಲಿ 'ಜಸ್ಟ್ ಒನ್ಸ್', 'ಆಲ್ವೇಸ್' ಎಂದು ಕೇಳುತ್ತಿದ್ದ ಪೆಟ್ಟಿಗೆ ಈಗ ಅಪರೂಪವಾಗಿರುವುದು ಇದೇ ಕಾರಣಕ್ಕೆ.

ಒಂದು ಆ್ಯಪ್ ಲಿಂಕುಗಳನ್ನು ಕಸಿದುಕೊಳ್ಳುವುದು ಬೇಡವೆಂದರೆ ಸೆಟ್ಟಿಂಗ್ಸ್‌ನಲ್ಲಿ 'ಆ್ಯಪ್ಸ್' ಒಳಗೆ ಆ ಆ್ಯಪ್‌ನ ಹೆಸರು ಒತ್ತಿ. 'ಓಪನ್ ಬೈ ಡೀಫಾಲ್ಟ್' ಎಂಬ ಸಾಲಿಗೆ ಹೋಗಿ. ಸ್ಯಾಮ್‌ಸಂಗ್‌ನಲ್ಲಿ ಇದೇ 'ಸೆಟ್ ಆ್ಯಸ್ ಡೀಫಾಲ್ಟ್'. ಒಳಗೆ 'ಓಪನ್ ಸಪೋರ್ಟೆಡ್ ಲಿಂಕ್ಸ್' ಎಂಬ ಗುಂಡಿ ಇರುತ್ತದೆ, ಅದನ್ನು ಆಫ್ ಮಾಡಿ. ಆಂಡ್ರಾಯ್ಡ್ 11 ಮತ್ತು ಅದಕ್ಕಿಂತ ಹಳೆಯ ಫೋನಿನಲ್ಲಿ ಗುಂಡಿಯ ಬದಲು ಮೂರು ಆಯ್ಕೆ ಇರುತ್ತವೆ: ಈ ಆ್ಯಪ್‌ನಲ್ಲೇ ತೆರೆ, ಪ್ರತಿ ಸಲ ಕೇಳು, ಈ ಆ್ಯಪ್‌ನಲ್ಲಿ ತೆರೆಯಬೇಡ. ಹಿಂದೆಂದೋ ಅವಸರದಲ್ಲಿ 'ಆಲ್ವೇಸ್' ಒತ್ತಿ ಸಿಕ್ಕಿಹಾಕಿಕೊಂಡವರಿಗೆ ಇದೇ ಪುಟದ 'ಕ್ಲಿಯರ್ ಡೀಫಾಲ್ಟ್ಸ್' ಬಿಡುಗಡೆ ಕೊಡುತ್ತದೆ.

ಯಾವ ಆ್ಯಪ್‌ಗೆ ಇದನ್ನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ ಮಕ್ಕಳ ಕೈಗೆ ಕೊಡುವ ಫೋನಿನಲ್ಲಿ ಅಂಗಡಿ ಆ್ಯಪ್‌ಗಳಿಗೆ ಮಾಡಬೇಕು. ಒಂದು ಜಾಹೀರಾತು ತಾಗಿದರೆ ಸಾಕು, ನೇರವಾಗಿ ಖರೀದಿಯ ಪುಟ. ಬ್ಯಾಂಕ್ ಆ್ಯಪ್, ಹಣ ಕಳಿಸುವ ಆ್ಯಪ್‌ಗಳನ್ನು ಮಾತ್ರ ಮುಟ್ಟಬೇಡಿ.

ಉಲ್ಟಾ ತೊಂದರೆಯೂ ಇದೆ. ಹೋದ ತಿಂಗಳು ನಮ್ಮ ಓಣಿಯ ಕಾಕಾ ಒಬ್ಬರು ಹುಮನಾಬಾದಿನ ಮದುವೆಗೆ ಹೊರಟಿದ್ದರು. ಬೀಗರು ಕಲ್ಯಾಣ ಮಂಟಪದ ಮ್ಯಾಪ್ ಲಿಂಕ್ ಕಳಿಸಿದ್ದರು. ಒತ್ತಿದರೆ ಅದು ಬ್ರೌಸರ್‌ನಲ್ಲಿ ತೆರೆದು, ದಾರಿ ತೋರಿಸುವ ಬದಲು 'ಆ್ಯಪ್ ಬಳಸಿ' ಎಂದು ಗೋಗರೆಯುತ್ತಿತ್ತು. ಫೋನಿನಲ್ಲಿ ಮ್ಯಾಪ್ಸ್ ಆ್ಯಪ್ ಇತ್ತು. 'ಓಪನ್ ಸಪೋರ್ಟೆಡ್ ಲಿಂಕ್ಸ್' ಮಾತ್ರ ಆರಿತ್ತು. ಹೊತ್ತಿಸಿಕೊಟ್ಟೆ. ಗುಂಡಿ ಹೊತ್ತಿದ್ದರೂ ಆ್ಯಪ್ ಏಳದಿದ್ದರೆ ಅದೇ ಪುಟದಲ್ಲಿ 'ಆ್ಯಡ್ ಲಿಂಕ್' ಒತ್ತಿ, ಅಲ್ಲಿ ಬರುವ ವಿಳಾಸಗಳಿಗೆ ಗುರುತು ಹಾಕಿ.

ಒತ್ತುವ ಮೊದಲು ಒತ್ತಿ ಹಿಡಿಯಿರಿ

ಮೇಲಿನದೆಲ್ಲ ಒಮ್ಮೆ ಮಾಡಿ ಮರೆಯುವ ಕೆಲಸ. ಇದು ದಿನವೂ ಮಾಡುವಂಥದ್ದು. ಬ್ರೌಸರ್‌ನಲ್ಲಿ ಲಿಂಕಿನ ಮೇಲೆ ಬೆರಳನ್ನು ಒಂದು ಕ್ಷಣ ಇಟ್ಟು ಹಿಡಿದರೆ ಒಂದು ಪಟ್ಟಿ ಏಳುತ್ತದೆ. ಹೊಸ ಟ್ಯಾಬ್‌ನಲ್ಲಿ ತೆರೆ, ಅಜ್ಞಾತ ಟ್ಯಾಬ್‌ನಲ್ಲಿ ತೆರೆ, ವಿಳಾಸ ನಕಲಿಸು ಎಂದೆಲ್ಲ ಇರುತ್ತದೆ. ಕ್ರೋಮ್‌ನಲ್ಲಿ 'ಪ್ರಿವ್ಯೂ ಪೇಜ್' ಕೂಡ ಇದೆ, ಇದ್ದ ಪುಟ ಬಿಡದೆ ಇಣುಕಿ ನೋಡಬಹುದು. ಹೊಸ ಟ್ಯಾಬ್‌ನಲ್ಲಿ ತೆರೆದ ಯೂಟ್ಯೂಬ್ ಲಿಂಕ್ ಸಾಮಾನ್ಯವಾಗಿ ಆ್ಯಪ್‌ಗೆ ಜಿಗಿಯದೆ ಬ್ರೌಸರ್‌ನಲ್ಲೇ ಉಳಿಯುತ್ತದೆ. ಬೇರೆಯವರ ಫೋನಿನಲ್ಲಿ ನಿಮ್ಮ ಅರ್ಜಿಯ ಸ್ಥಿತಿ ನೋಡುವಾಗ ಅಜ್ಞಾತ ಟ್ಯಾಬ್ ಬಳಸಿ. ಕೆಲಸ ಮುಗಿದು ಟ್ಯಾಬ್‌ಗಳನ್ನೆಲ್ಲ ಮುಚ್ಚಿದರೆ ನಿಮ್ಮ ಲಾಗಿನ್ ಆ ಫೋನಿನಲ್ಲಿ ಉಳಿಯುವುದಿಲ್ಲ.

ಆ ಪಟ್ಟಿಯ ತಲೆಯ ಮೇಲೆ ಲಿಂಕಿನ ನಿಜವಾದ ವಿಳಾಸವೂ ಕಾಣುತ್ತದೆ. ಅದನ್ನು ಓದುವ ಬಗೆಯನ್ನು ನಮ್ಮ ಕಡೆಯವರಿಗೆ ಹೇಳಿಕೊಡುವುದು ಸುಲಭ: ಉರ್ದು ಓದಿದಂತೆ ಓದಿ. ನಿಜಾಮರ ಕಾಲದ ಹಳೆಯ ಜಮೀನಿನ ಕಾಗದ ಮನೆಯ ಟ್ರಂಕಿನಲ್ಲಿ ಇರುವವರಿಗೆ ಬಲದಿಂದ ಎಡಕ್ಕೆ ಓದುವುದು ಹೊಸದೇನಲ್ಲ. ವಿಳಾಸದ ಆರಂಭದ ಜೋಡಿ ಓರೆಗೀಟುಗಳನ್ನು ಬಿಟ್ಟು, ಆಮೇಲೆ ಬರುವ ಮೊದಲ ಒಂಟಿ ಓರೆಗೀಟಿನ ಹತ್ತಿರ ನಿಲ್ಲಿ. ಅಲ್ಲಿಂದ ಎಡಕ್ಕೆ ಬನ್ನಿ. ಸೇವಾ ಸಿಂಧುವಿನ ವಿಳಾಸವಾದರೆ ಮೊದಲು 'ಇನ್', ನಂತರ 'ಜಿಓವಿ', ನಂತರ 'ಕರ್ನಾಟಕ', ಕೊನೆಗೆ 'ಸೇವಾಸಿಂಧು' ಸಿಗುತ್ತವೆ. ಮನೆಯ ಯಜಮಾನ ಯಾರೆಂದು ಹೇಳುವುದು ಬಲತುದಿ. ಎಡಗಡೆ 'ಸೇವಾಸಿಂಧು', 'ಕರ್ನಾಟಕ' ಎಂದು ಏನೆಲ್ಲ ಬರೆದಿದ್ದರೂ ಬಲತುದಿಯಲ್ಲಿ 'ಎಕ್ಸ್‌ವೈಝಡ್' ಅಥವಾ 'ಟಾಪ್' ಇದ್ದರೆ ಅದು ಸರ್ಕಾರದ್ದಲ್ಲ. ಸರ್ಕಾರದ ಕೆಲವು ಸೈಟುಗಳು 'ಎನ್‌ಐಸಿ ಡಾಟ್ ಇನ್' ಎಂದೂ ಮುಗಿಯುತ್ತವೆ, ಅವು ಸರಿ.

ವಾಟ್ಸ್‌ಆ್ಯಪ್‌ನಲ್ಲಿ ಪರಿಚಯವಿಲ್ಲದ ನಂಬರಿನಿಂದ ಬಂದ ಲಿಂಕ್ ಒತ್ತಲು ಬರದಂತೆ ತಡೆದಿರುತ್ತಾರೆ. ಉತ್ತರ ಬರೆದರೆ ಅಥವಾ ನಂಬರ್ ಉಳಿಸಿಕೊಂಡರೆ ಆ ತಡೆ ಹೋಗುತ್ತದೆ. ಲಿಂಕ್ ತೆರೆಯಲೆಂದೇ ನಂಬರನ್ನು 'ಲಿಂಕ್ ಅಣ್ಣ' ಎಂದು ಉಳಿಸಿಕೊಂಡವರನ್ನು ನಾನು ಕಂಡಿದ್ದೇನೆ. ಎಸ್‌ಎಂಎಸ್‌ನಲ್ಲಾದರೆ ಕಳಿಸಿದವರ ಹೆಸರಿನ ಕೊನೆಯನ್ನು ನೋಡಿ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದಂತೆ ಈಗ ಸಣ್ಣ ಗೀಟಿನ ಮುಂದೆ ಒಂದು ಅಕ್ಷರ ಇರುತ್ತದೆ: ಸರ್ಕಾರದ ಸಂದೇಶಕ್ಕೆ ಜಿ, ಸೇವೆಗೆ ಎಸ್, ವ್ಯವಹಾರಕ್ಕೆ ಟಿ, ಪ್ರಚಾರಕ್ಕೆ ಪಿ. ಹತ್ತು ಅಂಕಿಯ ಸಾಮಾನ್ಯ ನಂಬರಿನಿಂದ 'ನಿಮ್ಮ ಬೈಕಿಗೆ ದಂಡ ಬಿದ್ದಿದೆ, ಇಲ್ಲಿ ಒತ್ತಿ' ಎಂದು ಬಂದರೆ ಒತ್ತಬೇಡಿ.

ಲಿಂಕ್ ಅಲ್ಲದ ಲಿಂಕ್

ದಂಡದ ಚಲನ್, ಪಿಎಂ ಕಿಸಾನ್ ಕಂತು, ಮದುವೆಯ ಆಮಂತ್ರಣ ಎಂಬ ಹೆಸರಿನಲ್ಲಿ ಓಡಾಡುವ ಕೆಲವು ಕಡತಗಳ ಬಾಲದಲ್ಲಿ 'ಎಪಿಕೆ' ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಅದು ಪುಟವೂ ಅಲ್ಲ, ಚಿತ್ರವೂ ಅಲ್ಲ. ಅದೊಂದು ಆ್ಯಪ್. ಹಾಕಿಕೊಂಡು ಅನುಮತಿ ಕೊಟ್ಟರೆ ನಿಮ್ಮ ಎಸ್‌ಎಂಎಸ್ ಓದಿ ಒಟಿಪಿ ಕದಿಯಬಲ್ಲದು. ಮದುವೆಯ ಕರೆಯೋಲೆ ಚಿತ್ರವಾಗಿ ಬರುತ್ತದೆ, ವಿಡಿಯೊ ಆಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ. ಆ್ಯಪ್ ಆಗಿ ಬರುವ ಬೀಗರು ನಮ್ಮ ಸೀಮೆಯಲ್ಲಿ ಇಲ್ಲ.

ಇದರ ಬಾಗಿಲಿಗೆ ಬೀಗ ಹೀಗೆ: ಸೆಟ್ಟಿಂಗ್ಸ್, 'ಆ್ಯಪ್ಸ್', 'ಸ್ಪೆಷಲ್ ಆ್ಯಪ್ ಆ್ಯಕ್ಸೆಸ್', ಅದರಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್'. ಅಲ್ಲಿ ವಾಟ್ಸ್‌ಆ್ಯಪ್, ಕ್ರೋಮ್, ಟೆಲಿಗ್ರಾಂ, ಫೈಲ್ಸ್ ಎಲ್ಲದರ ಮುಂದೆಯೂ 'ನಾಟ್ ಅಲೌಡ್' ಎಂದಿರಬೇಕು. ಇಲ್ಲದಿದ್ದರೆ ಒಂದೊಂದನ್ನೇ ಒತ್ತಿ ಅನುಮತಿ ತೆಗೆಯಿರಿ. ಪ್ಲೇ ಸ್ಟೋರ್‌ನಿಂದ ಆ್ಯಪ್ ಹಾಕಿಕೊಳ್ಳಲು ಇದರಿಂದ ಅಡ್ಡಿಯಾಗುವುದಿಲ್ಲ. ಈಗಾಗಲೇ ಹಾಕಿಕೊಂಡು ಹಣ ಹೋಗಿದ್ದರೆ ತಡಮಾಡದೆ ಫೋನಿನ ಇಂಟರ್ನೆಟ್ ನಿಲ್ಲಿಸಿ, ಬೇರೆ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಫಲಿತಾಂಶ, ಉದ್ಯೋಗದ ಖಾಸಗಿ ಸೈಟುಗಳಲ್ಲಿ ಒಂದು ಒತ್ತಿದರೆ ಮೂರು ತೆರೆಯುವ ಕಾಟಕ್ಕೆ ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ 'ಸೈಟ್ ಸೆಟ್ಟಿಂಗ್ಸ್' ಒಳಗೆ 'ಪಾಪ್-ಅಪ್ಸ್ ಆ್ಯಂಡ್ ರೀಡೈರೆಕ್ಟ್ಸ್' ಆಫ್ ಮಾಡಿಡಿ. ಸರ್ಕಾರಿ ಸೈಟಿನ ರಸೀದಿ ಕೆಲವೊಮ್ಮೆ ಪಾಪ್-ಅಪ್ ಆಗಿಯೇ ಬರುತ್ತದೆ. ಹಣ ಕಟ್ಟಿದ ಮೇಲೆ ರಸೀದಿ ಕಾಣದಿದ್ದರೆ ಆ ಒಂದು ಸೈಟಿಗೆ ಮಾತ್ರ ಅನುಮತಿ ಕೊಡಿ.

ಐಫೋನ್ ಇದ್ದವರಿಗೆ

ಐಫೋನಿನಲ್ಲಿ ಡೀಫಾಲ್ಟ್ ಬ್ರೌಸರ್ ಬದಲಿಸಲು 2020ರ ಐಒಎಸ್ 14ರಿಂದ ಅವಕಾಶವಿದೆ. ಈಗಿನ ಆವೃತ್ತಿಗಳಲ್ಲಿ ಸೆಟ್ಟಿಂಗ್ಸ್, 'ಆ್ಯಪ್ಸ್', 'ಡೀಫಾಲ್ಟ್ ಆ್ಯಪ್ಸ್' ದಾರಿ. ಆ್ಯಪ್‌ಗಳು ಲಿಂಕ್ ಹಿಡಿಯದಂತೆ ಮಾಡುವ ಪ್ರತ್ಯೇಕ ಗುಂಡಿ ಇಲ್ಲ. ಲಿಂಕನ್ನು ಒತ್ತಿ ಹಿಡಿದು, ಬ್ರೌಸರ್‌ನಲ್ಲೋ ಆ್ಯಪ್‌ನಲ್ಲೋ ಎಂದು ಪಟ್ಟಿಯಿಂದ ಆರಿಸಬೇಕು. ಸಫಾರಿಯ ಸೆಟ್ಟಿಂಗ್ಸ್‌ನಲ್ಲಿ 'ಓಪನ್ ಲಿಂಕ್ಸ್' ಎಂಬಲ್ಲಿ ಹೊಸ ಟ್ಯಾಬ್ ಮುಂದೆ ಬರಬೇಕೋ ಹಿಂದೆ ಕಾಯಬೇಕೋ ಎಂದು ಹೇಳಬಹುದು.

ಎಲ್ಲ ಮಾಡಿದ ಮೇಲೆ ಪರೀಕ್ಷೆ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಸಂದೇಶ ಕಳಿಸಿಕೊಳ್ಳಬಹುದು. ಅಲ್ಲಿಗೆ ಮೂರು ಲಿಂಕ್ ಹಾಕಿಕೊಳ್ಳಿ: ಒಂದು ಯೂಟ್ಯೂಬ್‌ನದು, ಒಂದು ಮ್ಯಾಪ್‌ನದು, ಒಂದು ಸೇವಾ ಸಿಂಧುವಿನದು. ಅವೇ ಮೂರನ್ನು ಜಿಮೇಲ್‌ಗೂ ಕಳಿಸಿಕೊಳ್ಳಿ. ಒಂದೊಂದನ್ನೇ ಒತ್ತಿ, ಎಲ್ಲಿ ತೆರೆಯಿತು ಎಂದು ಎಡ ಮೇಲ್ತುದಿ ನೋಡಿ. ಸೇವಾ ಸಿಂಧುವಿನ ಪುಟ ತೆರೆದಿದ್ದಾಗಲೇ ಎಸ್‌ಎಂಎಸ್‌ಗೆ ಹೋಗಿ ಮರಳಿ ಬನ್ನಿ. ಪುಟ ಇದ್ದಲ್ಲೇ ಇದ್ದರೆ ಅರ್ಜಿ ತುಂಬಲು ಕೂರಬಹುದು. ಪ್ರಿಂಟ್ ಬೇಕಾದರೆ ಮಾತ್ರ ಬನ್ನಿ, ಒಂದು ಪುಟಕ್ಕೆ ಐದು ರೂಪಾಯಿ.